ಕುಂಭದ್ರೋಣ: ಲೇಪಾಕ್ಷಿ ಸೀಮೆಯ ಒಂದು ಮಳೆಮಾತು ಮತ್ತು ಅದರ ಅಳತೆ

ಹಿಂದೂಪುರದ ಪೇಟೆಯಲ್ಲಿ ಬೆಂಗಳೂರಿನ ಕನ್ನಡ ಪತ್ರಿಕೆಯೂ ಅನಂತಪುರದ ತೆಲುಗು ಪತ್ರಿಕೆಯೂ ಒಂದೇ ಅಂಗಡಿಯ ಹಗ್ಗಕ್ಕೆ ತೂಗುಬೀಳುತ್ತವೆ. ದೊಡ್ಡ ಮಳೆ ಬಿದ್ದ ಮರುದಿನ ಒಂದರ ತಲೆಬರಹದಲ್ಲಿ ‘ಕುಂಭದ್ರೋಣ ಮಳೆ’ ಎಂದಿದ್ದರೆ ಮತ್ತೊಂದರಲ್ಲಿ ‘ಕುಂಭವೃಷ್ಟಿ’ ಎಂದೋ ‘ಕುಂಡಪೋತ ವಾನ’ ಎಂದೋ ಇರುತ್ತದೆ. ಎರಡೂ ಭಾಷೆಗಳನ್ನು ಓದಬಲ್ಲವರಿಗೆ ಇವು ಒಂದೇ ಮಾತಿನ ಎರಡು ರೂಪಗಳಂತೆ ತೋರುವುದು ಸಹಜ. ತೆಲುಗಿನ ಎರಡು ಮಾತುಗಳೂ ಪಾರದರ್ಶಕವಾಗಿವೆ. ಕುಂಭ, ಕುಂಡ ಎರಡೂ ಕೊಡವೇ. ಪೋತ ಎಂದರೆ ಹೊಯ್ಯುವಿಕೆ. ಆಕಾಶ ಕೊಡವನ್ನು ಬೋರಲು ಹಾಕಿತು ಎಂಬುದಷ್ಟೇ ಅರ್ಥ. ಕನ್ನಡದ ಮಾತು ಮಾತ್ರ ಅಷ್ಟು ಸುಲಭವಾಗಿ ಬಿಡಿಸಿಕೊಳ್ಳುವುದಿಲ್ಲ. ಕುಂಭ ಸರಿ, ಅದರ ಜೊತೆಗೆ ದ್ರೋಣ ಏಕೆ ಬಂತು?

ಈ ಪ್ರಶ್ನೆಯನ್ನು ಕನ್ನಡ ನಾಡಿನ ಯಾವ ಮೂಲೆಯಿಂದಲಾದರೂ ಕೇಳಬಹುದು. ಆದರೆ ಲೇಪಾಕ್ಷಿ, ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗಗಳ ಸೀಮೆಯಿಂದ ಕೇಳಿದಾಗ ಅದಕ್ಕೆ ಬೇರೊಂದು ತೂಕ ಬರುತ್ತದೆ. ಪಶ್ಚಿಮಘಟ್ಟದ ಮಳೆನೆರಳಿನಲ್ಲಿ, ಪೂರ್ವ ಕರಾವಳಿಯಿಂದಲೂ ದೂರದಲ್ಲಿ ಇರುವ ಈ ನೆಲಕ್ಕೆ ಮುಂಗಾರೂ ಹಿಂಗಾರೂ ತಮ್ಮ ಕಡೆಯ ಪಾಲನ್ನಷ್ಟೇ ಕೊಡುತ್ತವೆ. ಹಳೆಯ ಅನಂತಪುರ ಜಿಲ್ಲೆಯ ವಾರ್ಷಿಕ ಸರಾಸರಿ ಸುಮಾರು 550 ಮಿಲಿಮೀಟರ್. ದೇಶದ ಅತ್ಯಂತ ಒಣ ಜಿಲ್ಲೆಗಳ ಸಾಲಿನಲ್ಲಿ ಅದರ ಹೆಸರು ಜೈಸಲ್ಮೇರಿನ ಹಿಂದೆಯೇ ಬರುವುದು ರೂಢಿ. ಇಂಥಲ್ಲಿ ಮಹಾಮಳೆಗೆ ಒಂದು ಹೆಸರು ಏಕೆ ಬೇಕಾಯಿತು, ಅದನ್ನು ಯಾರು ಯಾವ ಅರ್ಥದಲ್ಲಿ ಬಳಸಿದರು ಎಂಬುದು ನಿಘಂಟಿನ ಕುತೂಹಲವನ್ನು ಮೀರಿದ ವಿಷಯ.

ಜನರಲ್ಲಿ ಪ್ರಚಲಿತವಾಗಿರುವ ವಿವರಣೆಗಳನ್ನು ಮೊದಲು ನೋಡಬಹುದು. ದ್ರೋಣನೆಂದರೆ ದ್ರೋಣಾಚಾರ್ಯ, ಅವನ ಬಾಣಗಳಂತೆ ಸುರಿಯುವ ಮಳೆ ಎಂಬುದು ಒಂದು. ಹಳಗನ್ನಡ ಕಾವ್ಯಗಳಲ್ಲಿ ಸರಲ ಮಳೆ ಸುರಿಯುವುದು ಯುದ್ಧವರ್ಣನೆಯ ಸಾಮಾನ್ಯ ಸಾಮಗ್ರಿಯಾದ್ದರಿಂದ ಈ ವಿವರಣೆ ಕೇಳಲು ಹಿತವಾಗಿದೆ. ಆದರೆ ಅಲ್ಲಿ ಬಾಣಕ್ಕೆ ಮಳೆ ಉಪಮಾನವೇ ಹೊರತು ಮಳೆಗೆ ಬಾಣವಲ್ಲ. ಆಚಾರ್ಯನ ಹೆಸರೇ ಪಾತ್ರೆಯಿಂದ ಬಂದದ್ದು ಎಂಬುದನ್ನೂ ಮರೆಯುವಂತಿಲ್ಲ. ಭಾರದ್ವಾಜನ ದ್ರೋಣದಲ್ಲಿ, ಅಂದರೆ ಮರದ ಪಾತ್ರೆಯಲ್ಲಿ, ಹುಟ್ಟಿದ್ದರಿಂದ ಅವನು ದ್ರೋಣನಾದನೆಂದು ಮಹಾಭಾರತ ಹೇಳುತ್ತದೆ. ಹಾಗಾಗಿ ದಾರಿ ಸುತ್ತಿ ಮತ್ತೆ ಪಾತ್ರೆಗೇ ಬರುತ್ತದೆ. ಕುಂಭವೂ ಪಾತ್ರೆ, ದ್ರೋಣವೂ ಪಾತ್ರೆ, ಎರಡನ್ನೂ ಸೇರಿಸಿದ್ದು ಒತ್ತಿಗಾಗಿ ಎಂಬುದು ಎರಡನೆಯ ವಿವರಣೆ. ಕನ್ನಡದಲ್ಲಿ ಜೋಡುನುಡಿಗಳಿಗೆ ಬರವಿಲ್ಲದ್ದರಿಂದ ಇದನ್ನು ಸುಲಭವಾಗಿ ತಳ್ಳಿಹಾಕಲಾಗದು. ದೊನ್ನೆ, ಬಂಡೆಯ ಮೇಲಿನ ನೀರಿನ ದೊಣೆ ಎಂಬ ಮಾತುಗಳನ್ನು ದ್ರೋಣ, ದ್ರೋಣಿಗಳಿಗೆ ಸಂಬಂಧಿಸುವ ವಾಡಿಕೆಯೂ ಇದೆ. ಪೆನುಕೊಂಡೆಯ ಬೆಟ್ಟವನ್ನು ಹತ್ತಿದವರಿಗೆ ದೊಣೆಯಲ್ಲಿ ನಿಂತ ನೀರಿನ ಬೆಲೆಯನ್ನು ಹೇಳಿಕೊಡಬೇಕಾಗಿಲ್ಲ.

ಆದರೆ ಸಂಸ್ಕೃತದ ಕೃಷಿಗ್ರಂಥಗಳಲ್ಲಿ ದ್ರೋಣಕ್ಕೆ ಮಳೆಯೊಡನೆ ನೇರವಾದ ಎರಡು ಸಂಬಂಧಗಳಿವೆ. ಪರಾಶರನ ಹೆಸರಿನಲ್ಲಿ ಪ್ರಚಲಿತವಾಗಿರುವ ‘ಕೃಷಿಪರಾಶರ’ ಮೇಘಗಳನ್ನು ಆವರ್ತ, ಸಂವರ್ತ, ಪುಷ್ಕರ, ದ್ರೋಣ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಆವರ್ತ ಒಂದೊಂದು ಕಡೆ ಮಾತ್ರ ಸುರಿಯುತ್ತದೆ, ಸಂವರ್ತ ಎಲ್ಲೆಡೆಯೂ ಸುರಿಯುತ್ತದೆ, ಪುಷ್ಕರದಲ್ಲಿ ನೀರೇ ದುರ್ಲಭ, ದ್ರೋಣದಲ್ಲಿ ಭೂಮಿ ಬಹುಜಲವಾಗುತ್ತದೆ. (ಕಾವ್ಯ, ಪುರಾಣಗಳಲ್ಲಿ ಪುಷ್ಕರಾವರ್ತಕಗಳು ಮಹಾಮೇಘಗಳು, ಕಾಳಿದಾಸನ ಮೇಘ ಹುಟ್ಟಿದ್ದೂ ಆ ವಂಶದಲ್ಲಿಯೇ. ಒಕ್ಕಲಿನ ಶಾಸ್ತ್ರ ಅದೇ ಹೆಸರನ್ನು ಬತ್ತಿದ ಮೋಡಕ್ಕೆ ಇಟ್ಟಿರುವುದು ವಿಚಿತ್ರ.) ಪಂಚಾಂಗಕಾರರು ಇದನ್ನೇ ಒಂಬತ್ತು ಮೇಘಗಳಾಗಿ ಬೆಳೆಸಿದ್ದಾರೆ, ಆ ನವಮೇಘಗಳಲ್ಲಿಯೂ ದ್ರೋಣ ಉಳಿದುಕೊಂಡಿದೆ. ಯುಗಾದಿಯ ದಿನ ಲೇಪಾಕ್ಷಿಯ ಸುತ್ತಿನ ಊರುಗಳಲ್ಲಿ ಪಂಚಾಂಗಶ್ರವಣ ಕನ್ನಡದಲ್ಲಿ ನಡೆಯಲಿ, ತೆಲುಗಿನಲ್ಲಿ ನಡೆಯಲಿ, ವರ್ಷದ ಮೇಘ ಯಾವುದು, ಮಳೆ ಎಷ್ಟು ಎಂಬ ಎರಡು ಮಾತುಗಳಿಗಾಗಿ ಒಕ್ಕಲುಮಕ್ಕಳು ಕಾಯುತ್ತಾರೆ.

ಎರಡನೆಯ ಸಂಬಂಧ ಅಳತೆಯದು. ಇದು ಹೆಚ್ಚು ಮುಖ್ಯವಾದದ್ದು. ಕೌಟಿಲ್ಯನ ಅರ್ಥಶಾಸ್ತ್ರ ಕೋಷ್ಠಾಗಾರದಲ್ಲಿ ಒಂದು ಅರತ್ನಿ ಬಾಯಗಲದ ಕುಂಡವನ್ನು ಮಳೆ ಅಳೆಯಲು ಇಡಬೇಕೆಂದು ವಿಧಿಸುತ್ತದೆ. ಸೀತಾಧ್ಯಕ್ಷನ ಪ್ರಕರಣದಲ್ಲಿ ಆಯಾ ನಾಡಿನ ಮಳೆಯನ್ನು ದ್ರೋಣದ ಲೆಕ್ಕದಲ್ಲಿ ಕೊಡುತ್ತದೆ: ಜಾಂಗಲ ಭೂಮಿಗೆ 16 ದ್ರೋಣ, ಅನೂಪಕ್ಕೆ ಅದರ ಒಂದೂವರೆ ಪಾಲು, ಅಶ್ಮಕಕ್ಕೆ ಹದಿಮೂರೂವರೆ, ಅವಂತಿಗೆ 23. ವರಾಹಮಿಹಿರನ ಬೃಹತ್ಸಂಹಿತೆಯೂ ಒಂದು ಹಸ್ತ ವಿಸ್ತಾರದ ಕುಂಡವನ್ನೇ ಹೇಳಿ, ಅದರಲ್ಲಿ ಬಿದ್ದ 50 ಪಲ ನೀರನ್ನು ಒಂದು ಆಢಕವೆನ್ನುತ್ತದೆ. ನಾಲ್ಕು ಆಢಕಕ್ಕೆ ಒಂದು ದ್ರೋಣ. ಅರ್ಥಶಾಸ್ತ್ರದ ಧಾನ್ಯಮಾನದಲ್ಲಿ 20 ದ್ರೋಣಕ್ಕೆ ಒಂದು ಕುಂಭ.

ಅಂದರೆ ಕುಂಭವೂ ದ್ರೋಣವೂ ಒಂದೇ ಅಳತೆಯ ಸರಣಿಯ ಎರಡು ಮೆಟ್ಟಿಲುಗಳು. ಒಂದು ಮತ್ತೊಂದರ ಇಪ್ಪತ್ತು ಪಟ್ಟು. ಖಂಡುಗ–ಕೊಳಗ ಎಂದಂತೆ ಕುಂಭ–ದ್ರೋಣ. ಕೊಡ ಬೋರಲಾದ ಚಿತ್ರ ಈ ಮಾತಿಗೆ ಆಮೇಲೆ ಅಂಟಿಕೊಂಡದ್ದೆಂದೂ, ಮೂಲದಲ್ಲಿ ಇದು ಕಣದಲ್ಲಿ ಧಾನ್ಯ ಅಳೆಯುವವನ ಬಾಯಿಯ ಮಾತೆಂದೂ ತಿಳಿಯುವುದು ಹೆಚ್ಚು ಯುಕ್ತ. ಮೇಘದ ಹೆಸರಾದ ದ್ರೋಣವೂ ಇದಕ್ಕೆ ವಿರೋಧಿಯಲ್ಲ. ತುಂಬಿದ ಅಳತೆಯ ಹೆಸರನ್ನೇ ತುಂಬಿ ಸುರಿಯುವ ಮೋಡಕ್ಕೆ ಇಟ್ಟಿರುವುದು ಸಂಭವನೀಯ.

ಲೆಕ್ಕವನ್ನು ಸ್ವಲ್ಪ ಮುಂದಕ್ಕೆ ಒಯ್ದರೆ ಸ್ವಾರಸ್ಯವಿದೆ. ಪಲವೊಂದಕ್ಕೆ ಸುಮಾರು 40 ಗ್ರಾಂ ಹಿಡಿದರೆ 200 ಪಲದ ದ್ರೋಣ ಎಂಟು ಕಿಲೋಗ್ರಾಂ ನೀರು. ಹದಿನೆಂಟು ಅಂಗುಲ ಬಾಯಗಲದ ಕುಂಡದಲ್ಲಿ ಅಷ್ಟು ನೀರು ಹತ್ತಿರ ಹತ್ತಿರ ಎರಡು ಅಂಗುಲ, ಅಂದರೆ ಸುಮಾರು 50 ಮಿಲಿಮೀಟರ್, ನಿಲ್ಲುತ್ತದೆ. ಪಲದ ತೂಕ ಕಾಲದೇಶಗಳಿಗೆ ತಕ್ಕಂತೆ ಬದಲಾಗುತ್ತಿದ್ದುದರಿಂದ ಇದನ್ನು ಅಂದಾಜೆಂದೇ ಭಾವಿಸಬೇಕು. ಆದರೂ ಈ ಅಂದಾಜಿನ ಮೇಲೆ ಕೌಟಿಲ್ಯನ ಜಾಂಗಲಕ್ಕೆ 800 ಮಿಲಿಮೀಟರಿನಷ್ಟು, ದಖನ್ನಿನ ಅಶ್ಮಕಕ್ಕೆ 675ರಷ್ಟು ಮಳೆಯಾಗುತ್ತದೆ. ಅನಂತಪುರದ 550 ಮಿಲಿಮೀಟರ್ ಕೇವಲ 11 ದ್ರೋಣ. ಕೌಟಿಲ್ಯ ಸಂಖ್ಯೆ ಕೊಟ್ಟ ಯಾವ ನಾಡಿಗಿಂತಲೂ ಲೇಪಾಕ್ಷಿಯ ಸೀಮೆ ಕೆಳಗಿದೆ. ಒಂದು ಕುಂಭ, ಅಂದರೆ 20 ದ್ರೋಣ, ಇಲ್ಲಿ ಎರಡು ವರ್ಷಕ್ಕೂ ಬೀಳುವ ಭರವಸೆಯಿಲ್ಲ. ಕುಂಭದ್ರೋಣವೆಂದು ಬಾಯಿತುಂಬ ಹೇಳುವ ಜನರ ಪಾಲಿಗೆ ಕುಂಭ ಎಂದೂ ತುಂಬದ ಅಳತೆ.

ಈ ಅಳತೆಯ ಸರಣಿ ಶಾಸ್ತ್ರಗ್ರಂಥಗಳಲ್ಲಿಯೇ ಉಳಿದಿದ್ದರೆ ವಾದಕ್ಕೆ ಬಲವಿರುತ್ತಿರಲಿಲ್ಲ. ಗಡಿಸೀಮೆಯ ಎರಡೂ ಭಾಷೆಗಳು ಅದನ್ನು ತಮ್ಮ ದೇಶ್ಯಪದಗಳಲ್ಲಿ ಹಾಗೆಯೇ ಕಾಪಾಡಿಕೊಂಡಿವೆ. ಕನ್ನಡದಲ್ಲಿ ಸಾಮಾನ್ಯವಾಗಿ ನಾಲ್ಕು ಬಳ್ಳಕ್ಕೆ ಒಂದು ಕೊಳಗ, 20 ಕೊಳಗಕ್ಕೆ ಒಂದು ಖಂಡುಗ. ತೆಲುಗಿನಲ್ಲಿ ನಾಲ್ಕು ಕುಂಚಕ್ಕೆ ಒಂದು ತೂಮು, 20 ತೂಮಿಗೆ ಒಂದು ಪುಟ್ಟಿ. ಸಂಸ್ಕೃತದಲ್ಲಿ ನಾಲ್ಕು ಆಢಕಕ್ಕೆ ಒಂದು ದ್ರೋಣ, 20 ದ್ರೋಣಕ್ಕೆ ಒಂದು ಕುಂಭ. ಮೂರೂ ಒಂದರ ಮೇಲೊಂದು ಕೂರುತ್ತವೆ. ಪಾತ್ರೆಯ ಗಾತ್ರ ಊರಿಂದೂರಿಗೆ ಬೇರೆಯಾದರೂ ನಾಲ್ಕರ ಮತ್ತು ಇಪ್ಪತ್ತರ ಅನುಪಾತ ಕದಲಿಲ್ಲ. ತೆಲುಗು ಪಂಚಾಂಗ ವರ್ಷದ ಮಳೆಯನ್ನು ಇಷ್ಟು ಕುಂಚವೆಂದು ಹೇಳುವುದು ವರಾಹಮಿಹಿರನ ಆಢಕವನ್ನೇ. ಆ ಮಳೆಯನ್ನು 20 ಪಾಲು ಮಾಡಿ 10 ಪಾಲು ಸಮುದ್ರಕ್ಕೆ, ಆರು ಪರ್ವತಕ್ಕೆ, ನಾಲ್ಕು ಮಾತ್ರ ಭೂಮಿಗೆ ಎಂದು ಹಂಚುವ ಕ್ರಮವೂ ಅದರಲ್ಲಿದೆ. ಮಳೆಯ ಮುಕ್ಕಾಲಿಗೂ ಹೆಚ್ಚು ಪಾಲು ತಮ್ಮದಲ್ಲವೆಂದು ಪ್ರತಿ ಯುಗಾದಿಗೂ ಕೇಳಿಸಿಕೊಳ್ಳುವ ಜನ ಇವರು.

ವಿಜಯನಗರ ಕಾಲದ ದಾನಶಾಸನಗಳಲ್ಲಿ ಇದೇ ಖಂಡುಗ, ಕೊಳಗಗಳು ನೆಲದ ಅಳತೆಯಾಗಿ ಬರುತ್ತವೆ. ಎಷ್ಟು ಬೀಜ ಹಿಡಿಸುತ್ತದೆಯೋ ಅಷ್ಟು ಭೂಮಿ. ಲೇಪಾಕ್ಷಿಯ ವೀರಭದ್ರ ದೇವಾಲಯವನ್ನು ವಿಸ್ತರಿಸಿದ ವಿರೂಪಣ್ಣನ ಕಾಲದಲ್ಲಿ, ಅಚ್ಯುತದೇವರಾಯನ ಆಳ್ವಿಕೆಯಲ್ಲಿ (1529–1542), ಪ್ರಾಕಾರದ ಗೋಡೆಗಳ ಮೇಲೆ ಕೊರೆಯಿಸಿದ ಕನ್ನಡ ಶಾಸನಗಳು ಇಂದಿಗೂ ಅಲ್ಲಿವೆ. ಪ್ರವಾಸಿಗರ ಕಣ್ಣು ಬೃಹತ್ ನಂದಿಯ ಮೇಲೂ ನೆಲಕ್ಕೆ ತಾಗದ ಕಂಬದ ಮೇಲೂ ನೆಡುತ್ತದೆಯೇ ಹೊರತು ಈ ಅಕ್ಷರಗಳ ಮೇಲಲ್ಲ. ಧಾನ್ಯ ಅಳೆಯುವ ಮಾನ, ಅದೇ ಮಾನದಲ್ಲಿ ಬಿತ್ತುವ ನೆಲ, ಅದೇ ಮಾನದಲ್ಲಿ ಬೀಳುವ ಮಳೆ: ಈ ಮೂರನ್ನೂ ಒಂದೇ ಮಾತಿನಲ್ಲಿ ಹಿಡಿಯುವುದು ಬೇಸಾಯಗಾರನಿಗೆ ಅಲಂಕಾರವಲ್ಲ, ಲೆಕ್ಕ.

ತೂಮು ಎಂಬ ಮಾತಿನಲ್ಲಿ ಈ ಲೆಕ್ಕ ಮತ್ತೂ ಸ್ಪಷ್ಟ. ತೆಲುಗಿನಲ್ಲಿ ತೂಮೆಂದರೆ ಧಾನ್ಯದ ಅಳತೆಯೂ ಹೌದು, ಕೆರೆಯಿಂದ ಗದ್ದೆಗೆ ನೀರು ಬಿಡುವ ಕಂಡಿಯೂ ಹೌದು. ಕನ್ನಡದ ತೂಬು ಎರಡನೆಯ ಅರ್ಥವನ್ನಷ್ಟೇ ಉಳಿಸಿಕೊಂಡಿದೆ. ಹಿಂದೂಪುರದ ಕಡೆಯ ಕನ್ನಡಿಗನಿಗೆ ಎರಡೂ ಕಿವಿಗೆ ಬೀಳುತ್ತವೆ. ನೆರೆಭಾಷೆಯ ಅರ್ಥ ಅವನ ಮಾತಿನ ಬೆನ್ನಿಗೇ ನಿಂತಿರುತ್ತದೆ. ದ್ವಿಭಾಷಿಕತೆಯನ್ನು ಭಾಷೆ ಕೆಡುವ ಬಗೆಯೆಂದು ಮಾತ್ರ ನೋಡುವವರು ಇಂಥ ಲಾಭವನ್ನು ಎಣಿಸುವುದಿಲ್ಲ.

ಈ ನೆಲದಲ್ಲಿ ಮಹಾಮಳೆಗೆ ಹೆಸರು ಏಕೆ ಬೇಕಾಯಿತೆಂಬ ಮೊದಲ ಪ್ರಶ್ನೆಗೆ ಉತ್ತರ ಕೆರೆಯಲ್ಲಿದೆ. ಮಲೆನಾಡಿನಲ್ಲಿ ಬಿರುಮಳೆ ಒಂದು ಋತು. ಇಲ್ಲಿ ಅದೊಂದು ಘಟನೆ. ಕೆಂಪು ಮಣ್ಣಿನ ಮೇಲೆ ಅಲ್ಪಸ್ವಲ್ಪ ಬೀಳುವ ಮಳೆಯನ್ನು ನೆಲ ಅಲ್ಲಿಯೇ ಕುಡಿದುಬಿಡುತ್ತದೆ, ಉಳಿದದ್ದನ್ನು ಬಿಸಿಲು ಹೀರುತ್ತದೆ. ಹಳ್ಳ ಹರಿದು ಕೆರೆಗೆ ನೀರು ಬರಬೇಕಾದರೆ ಕೆಲವು ಗಂಟೆಗಳಲ್ಲಿ ದೊಡ್ಡ ಮಳೆ ಬಂಡೆ, ಗುಡ್ಡಗಳ ಮೇಲೆ ಬಿದ್ದು ಜಾರಬೇಕು. ವರ್ಷದಲ್ಲಿ ಎರಡೋ ಮೂರೋ ಬಾರಿ, ಹೆಚ್ಚಾಗಿ ಹುಬ್ಬೆ, ಉತ್ತರೆ, ಹಸ್ತ, ಚಿತ್ತೆಗಳ ವೇಳೆಗೆ, ಅಂಥ ಮಳೆ ಬಂದರೆ ಕೆರೆ ತುಂಬುತ್ತದೆ. ಬಾರದಿದ್ದರೆ ಸರಾಸರಿ ಮಳೆ ಆಗಿಯೂ ಕೆರೆ ಒಣಗಿಯೇ ಇರುತ್ತದೆ. ಆದ್ದರಿಂದ ಇಲ್ಲಿ ಕುಂಭದ್ರೋಣ ಅಪಾಯದ ಮಾತಾಗುವ ಮೊದಲು ಹಾರೈಕೆಯ ಮಾತು.

ಮಳೆಗಾಗಿ ಕಾದು ಕೂರದೆ ನದಿಯನ್ನೇ ತರಲು ಹೊರಟ ಒಂದು ಪ್ರಸಂಗವನ್ನು ಗೌರಿಬಿದನೂರು ತಾಲ್ಲೂಕಿನ 1388ರ ಶಾಸನವೊಂದು ದಾಖಲಿಸುತ್ತದೆ. ಪೆನುಗೊಂಡೆಯಲ್ಲಿದ್ದ ಪ್ರತಾಪ ಬುಕ್ಕರಾಯ ಹೆನ್ನೆ ನದಿಯನ್ನು ಪಟ್ಟಣಕ್ಕೆ ತರಬೇಕೆಂದು ಜಲಸೂತ್ರದಲ್ಲಿ ನಿಪುಣನಾದ ಸಿಂಗಾಯಭಟ್ಟನಿಗೆ ಆಜ್ಞಾಪಿಸಿದ. ಅವನು ಕಾಲುವೆ ತೆಗೆದು ಸಿರುವೆರದ ಕೆರೆಗೆ ನೀರು ಹರಿಸಿದ. ಲೂಯಿ ರೈಸರು ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟದಲ್ಲಿ ಇದನ್ನು ಪ್ರಕಟಿಸಿದ್ದಾರೆ. ನಂದಿಬೆಟ್ಟಗಳ ಕಡೆಯಿಂದ ಇಳಿದು ಗೌರಿಬಿದನೂರನ್ನು ಹಾದು ಹಿಂದೂಪುರದ ಸೀಮೆಗೆ ಬರುವ ನದಿಯನ್ನು ಕನ್ನಡ ಹೆನ್ನೆ ಎಂದಿತು, ತೆಲುಗು ಪೆನ್ನ ಎಂದೇ ಉಳಿಸಿಕೊಂಡಿತು. ಪಕಾರ ಹಕಾರವಾಗುವ ಕನ್ನಡದ ಸುಪರಿಚಿತ ನಿಯಮ ಒಂದು ನದಿಯ ಉದ್ದಕ್ಕೂ ಕಾಣಸಿಗುವುದು ಇಲ್ಲಿ. ಉಳುಮೆಗೆ ತಕ್ಕ ತೇವಕ್ಕೆ ಕನ್ನಡ ಹದ ಎನ್ನುತ್ತದೆ, ತೆಲುಗು ಪದನು ಎನ್ನುತ್ತದೆ; ಅದೂ ಇದೇ ನಿಯಮ. ಹದಮಳೆಯ ಅಳತೆಗೆ ಕುಂಡ ಬೇಡ, ನೇಗಿಲ ಗುಳ ಸಾಕು.

ಇದೇ ವಿಜಯನಗರದ ಕಾಲದಲ್ಲಿ, 1369ರಲ್ಲಿ, ಕಡಪೆಯ ಸೀಮೆಯ ಪೋರುಮಾಮಿಳ್ಳದಲ್ಲಿ ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆಯ ಶಾಸನ ಹೆಚ್ಚು ಪ್ರಸಿದ್ಧ. ಕೆರೆಗೆ ಇರಬೇಕಾದ 12 ಅಂಗಗಳನ್ನೂ ತಪ್ಪಿಸಬೇಕಾದ ಆರು ದೋಷಗಳನ್ನೂ ಅದು ಹೇಳುತ್ತದೆ. ಸಾವಿರ ಆಳು, ನೂರು ಬಂಡಿಗಳು ಎರಡು ವರ್ಷ ದುಡಿದು ಅದನ್ನು ಮುಗಿಸಿದವು. ಅತಿವೃಷ್ಟಿಯನ್ನು ತಾಳಿಕೊಳ್ಳುವ ಕೆರೆಯನ್ನು ಕಟ್ಟುವವನಿಗೆ ಎಷ್ಟು ಮಳೆ ಬಿದ್ದೀತೆಂಬ ಅಂದಾಜು ಇರಲೇಬೇಕು. ಏರಿಯ ಎತ್ತರ, ಕೋಡಿಯ ಅಗಲಗಳಲ್ಲಿ ಆ ಅಂದಾಜು ಅಡಗಿದೆ. ಏರಿಯನ್ನು ನೋಡಿಕೊಳ್ಳುವವರಿಗೆ ಕೊಟ್ಟ ಭೂಮಿಯನ್ನು ಕನ್ನಡ ದಸವಂದ, ಕಟ್ಟುಕೊಡಗೆ ಎಂದಿತು, ತೆಲುಗು ದಶಬಂಧ ಎಂದಿತು. 1800ರಲ್ಲಿ ನಿಜಾಮ ಈ ಸೀಮೆಯನ್ನು ಕುಂಪಣಿಗೆ ಬಿಟ್ಟುಕೊಟ್ಟಾಗ, ತಾಮಸ್ ಮನ್ರೋ ಕಲೆಕ್ಟರನಾಗಿದ್ದ ದತ್ತಮಂಡಲದ ಲೆಕ್ಕಪತ್ರಗಳಿಗೆ ಆ ಇನಾಮುಗಳೂ ಬಂದವು.

ಅಳತೆಯ ಮಾತು ಅಳತೆಯನ್ನು ಕಳೆದುಕೊಂಡು ಬರಿಯ ಉದ್ಗಾರವಾದದ್ದು ಯಾವಾಗ? ಖಚಿತವಾದ ತಾರೀಕು ಹಾಕಲಾಗುವುದಿಲ್ಲವಾದರೂ ದಿಕ್ಕು ಕಾಣುತ್ತದೆ. 19ನೆಯ ಶತಮಾನದ ಉತ್ತರಾರ್ಧದಲ್ಲಿ ತಾಲ್ಲೂಕು ಕಚೇರಿಗಳ ಅಂಗಳಕ್ಕೆ ಮಳೆಮಾಪಕ ಬಂತು, ಮಳೆ ಅಂಗುಲ, ಸೆಂಟುಗಳ ಲೆಕ್ಕಕ್ಕೆ ಸೇರಿತು. ಪಂಚಾಂಗದ ದ್ರೋಣ, ಕುಂಚಗಳು ಭವಿಷ್ಯದ ಮಾತಾಗಿ ಉಳಿದವು, ಬಿದ್ದ ಮಳೆಯನ್ನು ಅಳೆಯುವ ಹಕ್ಕು ಸರ್ಕಾರಿ ಪಾತ್ರೆಗೆ ಹೋಯಿತು. ಇವೆರಡರ ನಡುವಿನ ಕಂದರ ಧಾತು, ಈಶ್ವರ ಸಂವತ್ಸರಗಳಷ್ಟು (1876–78) ಕ್ರೂರವಾಗಿ ಬೇರೆಂದೂ ತೋರಲಿಲ್ಲ. ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ ಆ ಬರಕ್ಕೆ ಅತಿ ಹೆಚ್ಚು ತುತ್ತಾದ ಜಿಲ್ಲೆಗಳಲ್ಲಿ ಬಳ್ಳಾರಿ ಒಂದು, ಅನಂತಪುರ ಆಗ ಅದರ ಭಾಗವಾಗಿತ್ತು. ಬೇರೆ ಜಿಲ್ಲೆಯಾದದ್ದು 1882ರಲ್ಲಿ. ಕೃಷಿಪರಾಶರದ ಸೂತ್ರ ಸರಳ: ಶಕವರ್ಷಕ್ಕೆ ಮೂರು ಕೂಡಿಸಿ ನಾಲ್ಕರಿಂದ ಭಾಗಿಸಿದರೆ ಉಳಿದ ಶೇಷ ವರ್ಷದ ಮೇಘವನ್ನು ಹೇಳುತ್ತದೆ. ಹಾಗೆ ಲೆಕ್ಕ ಹಾಕಿದರೆ ಬರಕ್ಕೆ ಹಿಂದಿನ ಶಕ 1797 ನಿಶ್ಶೇಷವಾಗಿ ದ್ರೋಣಕ್ಕೆ ಸಲ್ಲುತ್ತದೆ, 1798 ಆವರ್ತಕ್ಕೆ, ಎಲ್ಲೆಡೆ ಮಳೆಯಾಗಬೇಕಾದ ಸಂವರ್ತ 1799ಕ್ಕೆ. ಆ 1799ರಲ್ಲಿಯೇ, ಅಂದರೆ 1877ರ ಬೇಸಗೆಯಲ್ಲೂ ಮುಂಗಾರಿನ ಮೊದಲ ತಿಂಗಳುಗಳಲ್ಲೂ, ಬರದ ಸಾವು ಮುಗಿಲು ಮುಟ್ಟಿತು. ಆ ವರ್ಷ ಊರೂರಿನ ಪಂಚಾಂಗಗಳು ನವಮೇಘದ ಕ್ರಮವನ್ನು ಹಿಡಿದು ಬೇರೆ ಹೆಸರನ್ನು ಓದಿರಬಹುದು. ಹೆಸರು ಯಾವುದಾದರೂ ಆಕಾಶ ಅದಕ್ಕೆ ಬದ್ಧವಾಗಿರಲಿಲ್ಲ.

ಕುಂಭದ್ರೋಣ ಪ್ರಮಾಣದ ಮಾತಾದರೆ, ಕಾಲದ ಮಾತು ಜಡಿ. ಈ ಎರಡರ ವ್ಯತ್ಯಾಸ ಇಂದು ಕನ್ನಡದ ಕೇಂದ್ರಭಾಗಗಳಲ್ಲಿ ಮಸುಕಾಗುತ್ತಿದೆ. ಕಿಟ್ಟೆಲರ 1894ರ ಕೋಶವೂ ಬ್ರೌನನ 1852ರ ತೆಲುಗು ಕೋಶವೂ ಜಡಿಗೆ ಎಡೆಬಿಡದೆ ಸುರಿಯುವ ಮಳೆ ಎಂಬ ಅರ್ಥವನ್ನೇ ಕೊಡುತ್ತವೆ. ಹಿಂದಿಯ ಝಡೀ, ಮರಾಠಿಯ ಝಡ ಕೂಡ ಇದೇ ಅರ್ಥದವು. ಆದ್ದರಿಂದ ಇದು ದಖನ್ನನ್ನೂ ದಾಟಿ ಹರಡಿದ ಮಾತು. ಆದರೆ ಕನ್ನಡದಲ್ಲಿ ಜಡಿ ಎಂಬ ಕ್ರಿಯಾಪದವೂ ಇದೆ. ಮೊಳೆ ಜಡಿಯುತ್ತಾರೆ, ಬೀಗ ಜಡಿಯುತ್ತಾರೆ. ಆ ಹೊಡೆತ ಮಳೆಗೂ ತಗುಲಿ, ಜಡಿಮಳೆಯೆಂದರೆ ರಪರಪನೆ ಬಡಿಯುವ ಜೋರು ಮಳೆ ಎಂದು ಪತ್ರಿಕೆಗಳು ಬರೆಯತೊಡಗಿವೆ. ತೆಲುಗಿನಲ್ಲಿ ಜಡಿಯು ಎಂದರೆ ಅಂಜುವುದು. ಹೊಡೆತದ ಅರ್ಥ ಅಲ್ಲಿ ಅಡ್ಡಬಾರದೆ ಇರುವುದರಿಂದ ಜಡಿವಾನ ಇಂದಿಗೂ ಬಿಡದ ಮಳೆಯೇ. ಎರಡೂ ಭಾಷೆಗಳ ನಡುವೆ ಬದುಕುವವರಿಗೆ ಹಳೆಯ ಅರ್ಥವನ್ನು ನೆರೆಭಾಷೆ ಕಾದುಕೊಡುತ್ತಿದೆ.

ಈ ಭೇದ ಪಂಡಿತರ ಹಟವಲ್ಲ. ಮಣ್ಣಿನ ಮಾಳಿಗೆಯ ಮನೆಗೆ, ತೆಲುಗಿನವರ ಮಿದ್ದೆಗೆ, ಒಂದು ಗಂಟೆಯ ಕುಂಭದ್ರೋಣದಿಂದ ಅಷ್ಟೇನೂ ಕೇಡಿಲ್ಲ. ನೀರು ದೋಣಿಯಿಂದ ಧುಮುಕಿ ಹೋಗುತ್ತದೆ. ನಾಲ್ಕು ದಿನದ ಜಡಿಗೆ ಮಾಳಿಗೆಯ ಮಣ್ಣು ನೀರು ಕುಡಿದು ತೊಲೆ ಬಾಗುತ್ತದೆ. ಈ ಸೀಮೆಯ ಮುಖ್ಯ ಬೆಳೆಯಾದ ಕಡಲೆಕಾಯಿಗೂ ಹಾಗೆಯೇ. ಕೀಳುವ ಹೊತ್ತಿಗೆ ಜಡಿ ಹಿಡಿದರೆ ಕಾಯಿ ನೆಲದೊಳಗೇ ಮೊಳೆಯುತ್ತದೆ, ಕಿತ್ತು ಹಾಕಿದ ಮೇವು ಕೊಳೆಯುತ್ತದೆ. ಕೆರೆ ತುಂಬಿಸುವುದು ಒಂದು, ಮನೆ ಬೀಳಿಸುವುದು ಇನ್ನೊಂದು. ಎರಡಕ್ಕೂ ಒಂದೇ ಹೆಸರಿಟ್ಟವನು ಇಲ್ಲಿ ಬೇಸಾಯ ಮಾಡಿದವನಾಗಿರಲಾರ.

ಮಳೆ ಎಂಬ ಮಾತಿಗೇ ಈ ಸೀಮೆಯಲ್ಲಿ ಎರಡು ಲೋಕಗಳಿವೆ. ತೆಲುಗಿನ ವಾನ, ಕನ್ನಡದ ಬಾನು ಒಂದೇ ದ್ರಾವಿಡ ಮೂಲದವು; ತಮಿಳಿನ ವಾನ್ ಆಕಾಶವೂ ಹೌದು, ಮಳೆಯೂ ಹೌದು. ಕನ್ನಡ ಆಕಾಶವನ್ನು ಇಟ್ಟುಕೊಂಡಿತು, ತೆಲುಗು ಮಳೆಯನ್ನು. ಕನ್ನಡಿಗ ನಕ್ಷತ್ರದ ಅವಧಿಯನ್ನೂ ಮಳೆ ಎಂದೇ ಕರೆಯುತ್ತಾನೆ, ತೆಲುಗರು ಅದನ್ನು ಕಾರ್ತೆ ಎಂದು ಬೇರೆಯಾಗಿಡುತ್ತಾರೆ. ಹೀಗಾಗಿ ‘ಉತ್ತರೆ ಮಳೆ ಹುಟ್ಟಿ ಹತ್ತು ದಿನವಾಯಿತು, ಒಂದು ಹನಿ ಮಳೆಯಿಲ್ಲ’ ಎಂಬ ಮಾತು ಕನ್ನಡದಲ್ಲಿ ವಿರೋಧಾಭಾಸವೆನಿಸದು.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿಯ ಹಲವು ತಾಲ್ಲೂಕುಗಳು ಮೈಸೂರಿಗೆ ಸೇರಿದವು, ರಾಯದುರ್ಗ, ಆಲೂರು, ಆದವಾನಿಗಳು ಆಂಧ್ರದಲ್ಲಿ ಉಳಿದವು. ಅನಂತಪುರ ಜಿಲ್ಲೆಯ ಮಡಕಶಿರಾ, ಹಿಂದೂಪುರ, ಕಲ್ಯಾಣದುರ್ಗಗಳೂ ಹಾಗೆಯೇ. 1966ರ ಅಧಿಕೃತ ಭಾಷಾ ಕಾಯಿದೆಯ ನಂತರ ಕಂದಾಯದ ಕಾಗದಗಳಿಗೆ ತೆಲುಗೇ ಭಾಷೆ. 2022ರ ಏಪ್ರಿಲ್‌ನಲ್ಲಿ ಜಿಲ್ಲೆ ಒಡೆದು ಹಿಂದೂಪುರ, ಲೇಪಾಕ್ಷಿ, ಮಡಕಶಿರಾಗಳು ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋದವು, ಕಲ್ಯಾಣದುರ್ಗ ಅನಂತಪುರದಲ್ಲಿಯೇ ಉಳಿಯಿತು. ಒಂದು ಸೀಮೆಯ ಮಳೆಯ ಅಂಕಿಅಂಶ ಈಗ ಎರಡು ಜಿಲ್ಲೆಗಳ ಪಟ್ಟಿಗಳಲ್ಲಿ ಹಂಚಿಹೋಗಿದೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ದಿನವೊಂದಕ್ಕೆ 64.5 ಮಿಲಿಮೀಟರಿನಿಂದ ‘ಭಾರಿ’, 115.6ರಿಂದ ‘ಅತಿ ಭಾರಿ’, 204.5 ಮತ್ತು ಅದಕ್ಕೂ ಮೇಲೆ ‘ಅತ್ಯಂತ ಭಾರಿ’. ಈ ಭಾರಿ ಎರಡೂ ಭಾಷೆಗಳಿಗೆ ಸಮಾನ. ಬೆಳೆಹಾನಿಯ ವರದಿಯಲ್ಲಿ ಅದಕ್ಕೆ ಸ್ಥಾನವಿದೆ, ಕುಂಭದ್ರೋಣಕ್ಕಿಲ್ಲ. ಹಳೆಯ ಒಂದು ದ್ರೋಣ ಇಂದಿನ ಭಾರಿಗೆ ತುಸು ಕಡಿಮೆ ಬೀಳುತ್ತದೆ, ಎರಡು ದ್ರೋಣ ಅದನ್ನು ದಾಟುತ್ತದೆ. ಆದರೆ ಬಿಡದ ಜಡಿಗೆ ಈ ದಿನದ ಲೆಕ್ಕದಲ್ಲಿ ಜಾಗವಿಲ್ಲ. ದಿನಕ್ಕೆ 30 ಮಿಲಿಮೀಟರಿನಂತೆ ಐದು ದಿನ ಸುರಿದು ಮಾಳಿಗೆ ಕುಸಿದರೂ ಆ ಐದರಲ್ಲಿ ಒಂದು ದಿನವೂ ಭಾರಿ ಮಳೆಯ ದಿನವಲ್ಲ. ಕುಂಭದ್ರೋಣವೂ ಜಡಿಯೂ ಬೇರೆಯೆಂದು ತಿಳಿದಿದ್ದ ಭಾಷೆಗೆ ಈ ಕೊರತೆ ಕೂಡಲೇ ಕಾಣುತ್ತದೆ. ಹಾನಿಯ ನಿಯಮ ಬರೆಯುವವರು ಆ ಭಾಷೆಯನ್ನು ಕೇಳುವ ವ್ಯವಸ್ಥೆ ಎರಡೂ ರಾಜ್ಯಗಳಲ್ಲಿ ಬೆಳೆದಿಲ್ಲ.

2021ರ ನವೆಂಬರಿನಲ್ಲಿ ರಾಯಲಸೀಮೆ ಕಂಡ ಮಳೆಗೆ ಮಾತ್ರ ಎಲ್ಲ ಹೆಸರುಗಳೂ ಒಪ್ಪುತ್ತಿದ್ದವು. ಆ ತಿಂಗಳ 19ರಂದು ಕಡಪ ಜಿಲ್ಲೆಯ ಚೆಯ್ಯೇರು ನದಿಯ ಅನ್ನಮಯ್ಯ ಜಲಾಶಯದ ಮಣ್ಣಿನ ಏರಿ ಒಡೆದು ಕೆಳಗಿನ ಊರುಗಳಲ್ಲಿ ಜೀವಹಾನಿಯಾಯಿತು. ಮರುವರ್ಷ, 2022ರ ಸೆಪ್ಟೆಂಬರಿನಲ್ಲಿ, ಚಿತ್ರದುರ್ಗ ಜಿಲ್ಲೆಯ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ ಕೋಡಿ ಬಿದ್ದಿತು. ವೇದಾವತಿಯ ಆ ನೀರು ಗಡಿ ದಾಟಿ ಭೈರವಾನಿತಿಪ್ಪ ಜಲಾಶಯದ ಕಡೆಗೆ ಹರಿಯಿತು. ಮಾರಿಕಣಿವೆಯಲ್ಲಿ ಕನ್ನಡದವರು ಕೋಡಿ ಬಿತ್ತೆಂದು ಬಾಗಿನ ಹಿಡಿದು ನಿಂತರೆ, ಕಲ್ಯಾಣದುರ್ಗದ ಸೀಮೆಯ ತೆಲುಗರು ಅದೇ ನೀರಿಗೆ ಮರವ ಪಾರಿತೆಂದರು. ಅಲ್ಲಿಯ ಕನ್ನಡಿಗರ ಬಾಯಲ್ಲಿ ಎರಡೂ ಮಾತು ಓಡಾಡುತ್ತವೆ.

ರಾಯಲಸೀಮೆಯ ಹಳ್ಳಿಗಳಲ್ಲಿ ಮಳೆ ಹೋದ ವರ್ಷ ಊರಾಚೆಯ ಬಂಡೆಯ ಮೇಲೆ ಪಾಯಸ ಸುರಿದು, ಕೈ ತಾಗಿಸದೆ ನಾಲಗೆಯಿಂದಲೇ ಉಣ್ಣುವ ಆಚರಣೆಯುಂಟು. ಅದನ್ನು ವರದಪಾಯಸ ಎನ್ನುತ್ತಾರೆ. ಕನ್ನಡ ಕಿವಿಗೆ ವರದ ಎಂದರೆ ವರವೀಯುವವನು. ತೆಲುಗಿನಲ್ಲಿ ವರದ ಎಂದರೆ ಪ್ರವಾಹ. ಬಂಡೆಯ ಮೇಲೆ ಹರಿದಾಡುವ ಪಾಯಸ ತೋರಿಸಿಕೊಡುವುದು ಎರಡನೆಯ ಅರ್ಥವನ್ನೇ: ಗುಡ್ಡದ ಮೇಲೆ ಬಿದ್ದದ್ದು ನೆಲಕ್ಕೆ ಇಂಗದೆ ಹೀಗೆ ಹರಿದು ಕೆರೆ ಸೇರಲಿ ಎಂದು.